ಡನ್‌ಶಾದಲ್ಲಿ ಹೊಲಿಸಿದ ಬೂಟು

ಮೇವಿಸ್ ಆಂಟಿ ಏಳುವ ಮೊದಲೇ ಕೆಲಸ ಮುಗಿಸಿಬಿಡಬೇಕೆಂದು ಬ್ರೋಡಿ ಥ್ರೆಲ್‌ಫಾಲ್ ಬರಿಗಾಲಲ್ಲಿ ಅಡುಗೆಮನೆಗೆ ಇಳಿದು ಬಂದ. ಸಿಂಕಿನಲ್ಲಿ ಬೂಟಿಟ್ಟ. ನಲ್ಲಿಯನ್ನು ಸದ್ದಾಗದಂತೆ ನೂಲಿನಷ್ಟು ಮಾತ್ರ ತಿರುಗಿಸಿ, ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಅಡಿಯ ಮೊಳೆಗಳ ಸುತ್ತ ಕಟ್ಟಿದ್ದ ಕೆಸರನ್ನು ಬಿಡಿಸತೊಡಗಿದ. ಮೊದಲು ಹಿಮ್ಮಡಿ, ಆಮೇಲೆ ಅಂಚು, ಕೊನೆಗೆ ಮುಂಗಾಲು.

ಈ ಕೆಲಸದಲ್ಲಿ ಅವನ ಕೈ ಪಳಗಿತ್ತು. ಹದಿನಾರನೇ ವಯಸ್ಸಿನಲ್ಲಿ ಮಾಸ್‌ಬೆಕ್ ಟೌನ್ ಫುಟ್‌ಬಾಲ್ ಕ್ಲಬ್ಬಿಗೆ ಸೇರಿದ ಮೇಲೆ, ಅಲ್ಲಿನ ರೂಢಿಯಂತೆ, ಹಿರಿಯ ಆಟಗಾರ ಪಿಲ್ಲಿಂಗನ ಬೂಟನ್ನು ಎರಡು ವರ್ಷ ಅವನೇ ತೊಳೆದಿದ್ದ. ಪಿಲ್ಲಿಂಗನ ಕಾಲೂ ಒಂಬತ್ತು ನಂಬರು, ಇವನ ಕಾಲೂ ಒಂಬತ್ತು. ಇಬ್ಬರೂ ಆಡುವುದು ನಡುಮೈದಾನದಲ್ಲಿ. ಆದರೆ ಆ ನಡುಮೈದಾನದಲ್ಲಿ ಒಂದೇ ಜೊತೆ ಕಾಲಿಗೆ ಜಾಗ. ಅಲ್ಲಿ ಹದಿನಾಲ್ಕು ವರ್ಷದಿಂದ ಪಿಲ್ಲಿಂಗ್ ಹುಣಸೆಮರದ ಹಾಗೆ ಬೇರುಬಿಟ್ಟು ನಿಂತಿದ್ದ.

ಬ್ರೋಡಿಗೆ ಈಗ ಹತ್ತೊಂಬತ್ತು. ಮೂರು ವರ್ಷದಲ್ಲಿ ಮೊದಲ ತಂಡಕ್ಕೆ ಅವನು ಆಡಿದ್ದು ಒಟ್ಟು ಹನ್ನೊಂದು ನಿಮಿಷ. ಆ ಹನ್ನೊಂದು ನಿಮಿಷದಲ್ಲಿ ಚೆಂಡು ಅವನ ಹತ್ತಿರ ಬಂದದ್ದು ನಾಲ್ಕು ಸಲ. ಅದರಲ್ಲೊಂದು ಬೆನ್ನಿಗೆ ಬಡಿದು ಹೋದದ್ದು.

ಇಂದು ರಾತ್ರಿಯ ಪಂದ್ಯದಲ್ಲಿ ಆ ಲೆಕ್ಕ ಬದಲಾಗುವುದಿತ್ತು. ನಿನ್ನೆ ಅಭ್ಯಾಸ ಮುಗಿದ ಮೇಲೆ ಮ್ಯಾನೇಜರ್ ಬ್ರ್ಯಾಡ್‌ವೆಲ್ ಅವನನ್ನು ಕಸದ ಡಬ್ಬಿಗಳ ಹಿಂದಕ್ಕೆ ಕರೆದು, ಅತ್ತ ಇತ್ತ ನೋಡಿ, ಕಿವಿಯಲ್ಲಿ ಹೇಳಿದ್ದ: "ಪಿಲ್ಲಿಂಗ್ ಕಾಲು ಉಳುಕಿದೆ. ನಾಳೆ ಶುರುವಿನಿಂದಲೇ ನೀನೇ ಆಡ್ತೀಯ. ನಿನ್ನ ಕಾಲಿಗೆ ಕಣ್ಣಿದೆ, ಮಗಾ. ಆದ್ರೆ ಯಾರ ಹತ್ರಾನೂ ಬಾಯಿ ಬಿಡಬೇಡ. ನಿಮ್ಮಮ್ಮಂಗೂ ಹೇಳಬೇಡ. ಎದುರಾಳಿಗಳಿಗೆ ಗೊತ್ತಾದ್ರೆ ಕೆಲಸ ಕೆಡ್ತು."

ಬ್ರೋಡಿ ಅಮ್ಮನಿಗೂ ಹೇಳಿರಲಿಲ್ಲ. ರಾತ್ರಿ ಫೋನಿನಲ್ಲಿ ಅವಳು "ಏನೋ ದನಿ ಒಂಥರಾ ಇದೆ, ಜ್ವರಾನಾ?" ಎಂದಾಗ "ಹೌದು, ಸ್ವಲ್ಪ" ಎಂದಿದ್ದ.

ಬ್ರಷ್ಷು ಬಲಗಾಲಿನ ಬೂಟಿನ ತುದಿಗೆ ಬಂದಿತು. ಒಂದು ಸಣ್ಣ ಸದ್ದಾಯಿತು. ಬೂಟಿನ ಅಡಿ ಮುಂಭಾಗದಿಂದ ಅರ್ಧದವರೆಗೆ ಬಿಟ್ಟುಕೊಂಡು, ಹಸಿದ ಮೊಸಳೆಯಂತೆ ಬಾಯಿ ತೆರೆದು ಅವನನ್ನು ನೋಡಿತು.

ಅವನ ಬಳಿ ಇನ್ನೊಂದು ಜೊತೆಯೂ ಇತ್ತು, ಕಿತ್ತಳೆ ಬಣ್ಣದ್ದು. ಅದನ್ನು ಹಾಕಿದ ದಿನವೇ ಕಿರಿಯರ ಪಂದ್ಯದಲ್ಲಿ ಮೂವತ್ತು ಗಜ ದೂರದಿಂದ ಅದ್ಭುತವಾದ ಗೋಲು ಹೊಡೆದಿದ್ದ, ತಮ್ಮದೇ ಗೋಲಿಗೆ. ಅಂದಿನಿಂದ ಅದು ಮಂಚದ ಕೆಳಗೆ ಗೋಡೆಗೆ ಮುಖ ಮಾಡಿ ಕೂತಿತ್ತು. ಮೊದಲ ಪಂದ್ಯಕ್ಕೆ ಅದನ್ನು ಹಾಕುವುದಕ್ಕಿಂತ ಬರಿಗಾಲಲ್ಲಿ ಹೋಗುವುದು ವಾಸಿ.

"ನನ್ನ ಸಿಂಕಲ್ಲಿ ಮತ್ತೆ ಬೂಟಾ?"

ಮೇವಿಸ್ ಆಂಟಿ ಬಾಗಿಲಲ್ಲಿ ನಿಂತಿದ್ದಳು, ತಲೆಗೆ ಕೂದಲ ಸುರುಳಿ ಕಟ್ಟಿಕೊಂಡು, ಕೈಯಲ್ಲಿ ಚಹಾದ ಮಗ್ಗು ಹಿಡಿದು. ಕ್ಲಬ್ಬಿನ ಹುಡುಗರಿಗೆ ಇಪ್ಪತ್ತು ವರ್ಷದಿಂದ ಊಟ ವಸತಿ ಕೊಡುತ್ತಿದ್ದ ಹೆಂಗಸು. ಅಷ್ಟು ವರ್ಷದಲ್ಲಿ ಒಂದು ಪಂದ್ಯವನ್ನೂ ನೋಡಿರಲಿಲ್ಲ. ಆದರೆ ಯಾರ ಆಟ ಹೇಗೆ ಎಂದು ಅವರ ಒಗೆಯುವ ಬಟ್ಟೆ ನೋಡಿ ಹೇಳುತ್ತಿದ್ದಳು. ಬ್ರೋಡಿಯ ಬಟ್ಟೆ ಯಾವಾಗಲೂ ಸ್ವಚ್ಛವಾಗಿರುತ್ತಿತ್ತು.

"ಸಾರಿ ಆಂಟಿ. ಅಡಿ ಕಿತ್ತೋಗಿದೆ."

"ಕಿತ್ತೋದ್ರೆ ಏನೀಗ? ನೀನು ಬೆಂಚಿನ ಮೇಲೆ ತಾನೇ ಕೂರೋದು? ಕೂರೋಕೆ ಚಪ್ಪಲಿ ಸಾಕು."

ಬ್ರೋಡಿಯ ನಾಲಿಗೆ ತುದಿಗೆ ಬಂದ ಮಾತು ಹಲ್ಲಿಗೆ ತಗುಲಿ ವಾಪಸಾಯಿತು. "ಇಲ್ಲಾ... ಸುಮ್ನೆ. ಇವತ್ತೇ ಹೊಲಿಸಬೇಕು ಅನ್ನಿಸ್ತು."

"ಫುಟ್‌ಬಾಲ್ ಬೂಟು ಹೊಲಿಯೋನು ಈ ಸುತ್ತಿಗೆಲ್ಲಾ ಒಬ್ಬನೇ." ಆಂಟಿ ಕಿಟಕಿ ಮುಚ್ಚಿದೆಯೇ ಎಂದು ನೋಡಿ ದನಿ ತಗ್ಗಿಸಿದಳು. "ಡನ್‌ಶಾದ ಕ್ಲೆಗ್. ನಮ್ಮ ಯಜಮಾನರು ಸಾಯೋತನಕ ಅವನ ಹತ್ರಾನೇ ಹೊಲಿಸಿದ್ರು. ಹೆಣದ ಪೆಟ್ಟಿಗೇಲೂ ಅವನ ಅಡಿ ಹಾಕಿದ ಬೂಟೇ. ಆದ್ರೆ ಹೊರಗೆ ಒಂದು ಮಾತಾಡಿದೋರಲ್ಲ."

ಡನ್‌ಶಾ ಏಳು ಮೈಲಿ ಆಚೆಯ ಊರು. ಇಂದಿನ ಪಂದ್ಯ ಅವರ ಮೇಲಲ್ಲ, ಆದರೂ ಆ ಹೆಸರೆತ್ತುವ ಹಾಗಿರಲಿಲ್ಲ. ಮಾಸ್‌ಬೆಕ್‌ನವರಿಗೆ ನೀಲಿ, ಡನ್‌ಶಾದವರಿಗೆ ಹಳದಿ-ಕಪ್ಪು. ನೂರು ವರ್ಷದ ಕೆಳಗೆ ಯಾರೋ ಯಾರದೋ ಗೋಲಿನ ಕಂಬ ಕೊಯ್ದರೆಂದು ಶುರುವಾದ ಜಗಳದಲ್ಲಿ ಈಗಲೂ ಎರಡೂ ಊರಿನವರು ಮಕ್ಕಳಿಗೆ ಎದುರೂರಿನ ಬಣ್ಣದ ಅಂಗಿ ಹೊಲಿಸುವುದಿಲ್ಲ.

ಇದಕ್ಕಿಂತ ಕೆಟ್ಟ ಸಂಗತಿ ಇನ್ನೊಂದಿತ್ತು. ಆಟಗಾರರನ್ನು ಕೊಳ್ಳುವ, ಮಾರುವ ಚಳಿಗಾಲದ ಬಾಗಿಲು ಅಂದೇ ಸಂಜೆ ಏಳಕ್ಕೆ ಮುಚ್ಚುತ್ತಿತ್ತು. ಆ ದಿನ ಇಂಗ್ಲೆಂಡಿನ ಯಾವ ಊರಿನವನ ತಲೆಯೂ ನೆಟ್ಟಗಿರುವುದಿಲ್ಲ. ಪಕ್ಕದೂರಿನ ಆಟಗಾರ ಪೆಟ್ರೋಲ್ ಹಾಕಿಸಿದರೂ ಸುದ್ದಿ, ಹಲ್ಲು ಕೀಳಿಸಿದರೂ ಸುದ್ದಿ.

ಬೂಟನ್ನು ಚೀಲದಲ್ಲಿ ಹಾಕಿಕೊಂಡು, ಕ್ಲಬ್ಬಿನ ನೀಲಿ ಜಾಕೆಟ್ಟು ತೊಟ್ಟು ಬ್ರೋಡಿ ಬಸ್ಸಿನ ನಿಲ್ದಾಣಕ್ಕೆ ಬಂದ. ಮನೆಯಲ್ಲಿ ಅವನಿಗಿದ್ದ ಬೆಚ್ಚನೆಯ ಜಾಕೆಟ್ಟು ಅದೊಂದೇ. ಹಿಮ ಬೆರೆತ ಮಳೆ ಓರೆಯಾಗಿ ಬೀಳುತ್ತಿತ್ತು. ನಿಲ್ದಾಣದಲ್ಲಿ ಪಕ್ಕದ ಮನೆಯ ಓಗ್ಡೆನ್ ಅಂಕಲ್ ಆಗಲೇ ಕೂತಿದ್ದ. ಮೂವತ್ತೈದು ವರ್ಷ ಬಸ್ಸು ಓಡಿಸಿ ನಿವೃತ್ತನಾದ ಮೇಲೆ, ಪುಕ್ಕಟೆ ಪಾಸು ದಂಡವಾಗಬಾರದೆಂದು ದಿನವೂ ಬಸ್ಸಿನಲ್ಲಿ ತಿರುಗುವವನು. ಕೇಳಿದರೆ ಪಾರಿವಾಳಕ್ಕೆ ಕಾಳು ತರೋಕೆ ಎನ್ನುತ್ತಿದ್ದ.

"ಏನಪ್ಪಾ ಥ್ರೆಲ್‌ಫಾಲ್, ಪಂದ್ಯದ ದಿನ ಚೀಲ ಹಿಡ್ಕೊಂಡು ಎಲ್ಲಿಗೆ?"

"ಅಜ್ಜಿ ನೋಡೋಕೆ, ಅಂಕಲ್."

"ನಿಮ್ಮಜ್ಜಿ ಸ್ಪೇನಲ್ಲಿದ್ದಾಳೆ ಅಂತ ಮೇವಿಸ್ ಅಂದಿದ್ಲಲ್ಲ?"

"ಇದು... ಇನ್ನೊಂದಜ್ಜಿ."

ಓಗ್ಡೆನ್ ಅವನನ್ನು ಕಾಲಿಂದ ತಲೆವರೆಗೆ ನೋಡಿದ. "ಇವತ್ತು ನಿಮ್ಮ ಹುಡುಗರಿಗೆಲ್ಲ ಏನೋ ಬಡಿದಿದೆ. ಆ ನಟ್ಟಲ್ ಬೆಳಗ್ಗೆ ಎಂಟಕ್ಕೇ ಕ್ಷೌರದಂಗಡಿ ಬಾಗಿಲು ತಟ್ಟುತ್ತಿದ್ದ. ಎಮೆಕಾ ಅವರಮ್ಮ ಚರ್ಚಿಗೆ ಹೋದ್ರು, ಮಂಗಳವಾರದ ದಿನ! ಇಬ್ಬರನ್ನೂ ಕೇಳಿದೆ. ಇಬ್ಬರೂ ನಿನ್ನ ಹಾಗೇ ಹಲ್ಲು ಕಿರಿದ್ರು. ಏನಿದು?"

ನಟ್ಟಲ್, ಎಮೆಕಾ ಇಬ್ಬರೂ ಬ್ರೋಡಿಯ ವಯಸ್ಸಿನ ಮಿಡ್‌ಫೀಲ್ಡರುಗಳು. ಪಿಲ್ಲಿಂಗನ ನೆರಳಿನಲ್ಲಿ ಬೆಳೆಯದೆ ಉಳಿದ ಇನ್ನೆರಡು ಗಿಡ. ಪಾಪ, ತಮಗೆ ಅವಕಾಶ ಬರುತ್ತದೆ ಅಂತ ಕಾಯುತ್ತಿರಬೇಕು ಎಂದುಕೊಂಡು ಬ್ರೋಡಿ ಮನಸ್ಸಿನಲ್ಲೇ ಮರುಗಿದ. ಬಸ್ಸು ಬಂದಿತು. ಅವನು ಮುಂದೆ ಕೂತ, ಓಗ್ಡೆನ್ ಬೇಕೆಂದೇ ಹಿಂದೆ ಹೋಗಿ ಕೂತ.

ಕ್ಲೆಗ್‌ನ ಅಂಗಡಿ ಡನ್‌ಶಾ ಕ್ಲಬ್ಬಿನ ಮೈದಾನದ ಮುಖ್ಯ ಬಾಗಿಲಿಗೆ ಅಂಟಿಕೊಂಡೇ ಇತ್ತು. ಎಷ್ಟು ಅಂಟಿಕೊಂಡು ಎಂದರೆ, ಅಂಗಡಿಗೆ ಹೋಗುವವನು ಮೈದಾನಕ್ಕೆ ಹೋದ ಹಾಗೇ ಕಾಣಬೇಕು. ಬ್ರೋಡಿ ಒಳಗೆ ಕಾಲಿಡುತ್ತಿದ್ದಂತೆ ಕ್ಲೆಗ್ ಸುತ್ತಿಗೆ ಎತ್ತಿದ.

"ನಿಲ್ಲು! ಆ ಎದೆ ಮೇಲಿರೋದು ಏನು?"

ಎದೆಯ ಮೇಲೆ ಮಾಸ್‌ಬೆಕ್‌ನ ಲಾಂಛನವಿತ್ತು.

"ಆ ದರಿದ್ರ ನನ್ನ ಅಂಗಡಿಯೊಳಗೆ ಬಂದಿಲ್ಲ, ನಮ್ಮಪ್ಪನ ಕಾಲದಿಂದ ಬಂದಿಲ್ಲ. ಹೊರಗೆ ಬಿಚ್ಚಿಟ್ಟು ಬಾ."

"ಹೊರಗೆ ಹಿಮ ಬೀಳ್ತಿದೆ, ತಾತ."

"ಹಾಗಾದ್ರೆ ಮುಚ್ಕೋ." ಮುದುಕ ಗೂಟದಿಂದ ತನ್ನ ಮಫ್ಲರು ತೆಗೆದು ಎಸೆದ. ಹಳದಿ-ಕಪ್ಪು ಪಟ್ಟೆ, ಒಂದು ಗೇಣು ಅಗಲ, ಮೊಳಕಾಲಿನವರೆಗೆ ಉದ್ದ. ಅಂಟಿನ ವಾಸನೆ, ತಂಬಾಕಿನ ವಾಸನೆ. ಬ್ರೋಡಿ ನಿಟ್ಟುಸಿರು ಬಿಟ್ಟು ಅದನ್ನು ಕತ್ತಿಗೆ ಸುತ್ತಿ, ಲಾಂಛನ ಕಾಣದಂತೆ ಎದೆಯ ಮೇಲೆ ಇಳಿಬಿಟ್ಟುಕೊಂಡ.

ಕ್ಲೆಗ್ ಬೂಟನ್ನು ಬೆಳಕಿಗೆ ಹಿಡಿದು, ವೈದ್ಯ ರೋಗಿಯ ನಾಲಿಗೆ ನೋಡುವ ಹಾಗೆ ನೋಡಿದ. "ಹೊಲಿದು ಅಂಟು ಹಾಕ್ತೀನಿ. ಒಣಗೋಕೆ ನಾಲ್ಕು ಗಂಟೆವರೆಗೂ ಬೇಕು."

"ನಾಲ್ಕಾ! ನಾನು ಆರಕ್ಕೆ ಮಾಸ್‌ಬೆಕ್‌ನಲ್ಲಿರಬೇಕು."

"ಯಾಕೆ, ಆಡ್ತೀಯಾ ಇವತ್ತು?"

"ಇ...ಲ್ಲ."

"ಮತ್ತೇಕೆ ಅವಸರ? ಕೂತ್ಕೋ."

ಅಂಟಿನ ಘಾಟಿಗೆ ತಲೆ ತಿರುಗಿ, ಉಸಿರಾಡೋಣವೆಂದು ಬ್ರೋಡಿ ಎರಡು ನಿಮಿಷ ಹೊರಗೆ ಬಂದು ನಿಂತ. ತಲೆಯ ಮೇಲೆ ಡನ್‌ಶಾ ಕ್ಲಬ್ಬಿನ ದೊಡ್ಡ ಫಲಕ. ಕತ್ತಿನಲ್ಲಿ ಡನ್‌ಶಾ ಕ್ಲಬ್ಬಿನ ಮಫ್ಲರು. ಚಳಿಗೆ ಹಲ್ಲು ಕಟಕಟಿಸುತ್ತಿದ್ದದ್ದು ದೂರದಿಂದ ನೋಡಿದವರಿಗೆ ನಗುವಿನಂತೆ ಕಾಣುತ್ತಿತ್ತು.

ರಸ್ತೆಯಾಚೆ, ಪಾರಿವಾಳದ ಕಾಳಿನ ಮೂಟೆಯ ಮರೆಯಿಂದ, ಓಗ್ಡೆನ್ ಅಂಕಲ್ ಫೋನು ಎತ್ತಿ ಪಟ ತೆಗೆದು, ಊರಿಗೆಲ್ಲ ಕಳಿಸಿದ.

ಕಾಲು ಗಂಟೆಯಲ್ಲಿ ಬ್ರೋಡಿಯ ಜೇಬು ಜೇನುಗೂಡಿನಂತೆ ಗುಂಯ್ಗುಡತೊಡಗಿತು. 'ದ್ರೋಹಿ' ಎಂದು ಒಬ್ಬ. 'ಹಾವಿಗೆ ಹಾಲೆರೆದೆವು' ಎಂದು ಇನ್ನೊಬ್ಬ. 'ನೀನು ಯಾರು?' ಎಂದು ಮತ್ತೊಬ್ಬ, ಪಾಪ, ನಿಜವಾಗಿ ತಿಳಿಯಲೆಂದೇ ಕೇಳಿದ್ದ. ಮೂರು ವರ್ಷದಲ್ಲಿ ಊರಿನಲ್ಲಿ ಅವನ ಹೆಸರು ಗೊತ್ತಿದ್ದವರು ಮೂವತ್ತು ಜನ. ಈಗ ಊರೆಲ್ಲಾ ಅವನ ಹೆಸರು ಹಿಡಿದು ಬೈಯುತ್ತಿತ್ತು. ಅವನ ಆಟವನ್ನು ಒಮ್ಮೆಯೂ ನೋಡದವರು, ಇವನಂಥ ಆಟಗಾರ ಇನ್ನು ನಮಗೆ ಸಿಗುವುದಿಲ್ಲ ಎಂದು ಗೋಳಾಡುತ್ತಿದ್ದರು.

ಮೇವಿಸ್ ಆಂಟಿಯ ಕರೆ ಬಂದಿತು.

"ಬ್ರೋಡಿ, ನಿನ್ನ ಬಟ್ಟೆ ಎಲ್ಲಾ ಮಡಚಿ ಪೆಟ್ಟಿಗೇಲಿಟ್ಟಿದ್ದೀನಿ. ಎರಡು ಕಾಲುಚೀಲ ಒದ್ದೆ ಇದೆ, ಆಮೇಲೆ ಕಳಿಸ್ತೀನಿ."

"ಆಂಟಿ! ನೀವೇ ತಾನೇ ನನ್ನನ್ನ ಇಲ್ಲಿಗೆ ಕಳಿಸಿದ್ದು? ಬೂಟು ಹೊಲಿಸೋಕೆ ಅಂತ ಎಲ್ಲರಿಗೂ ಹೇಳಿ!"

"ಹೇಳೋಕಾಗುತ್ತಾ ಮಾರಾಯ? ಕ್ಲೆಗ್ ಹೆಸರು ಎತ್ತಿದ್ರೆ ನಮ್ಮ ಯಜಮಾನರ ಮಾನ ಏನಾಗ್ಬೇಕು? ಅವರು ಇಲ್ಲಿ ಬೆಂಬಲಿಗರ ಸಂಘದ ಖಜಾಂಚಿ ಆಗಿದ್ದೋರು! ಬೂಟು ಹೊಲಿಸೋಕೆ ಅಂದ್ರೆ ಯಾರು ನಂಬ್ತಾರೆ ಹೇಳು. ಬೆಂಚಿನ ಮೇಲೆ ಕೂರೋನಿಗೆ ಪಂದ್ಯದ ದಿನ ಬೂಟು ಯಾಕೆ ಅಂತ ಕೇಳಿದ್ರೆ ಏನನ್ನಲಿ?"

ಅದಕ್ಕೆ ಒಂದೇ ಉತ್ತರವಿತ್ತು. ಆ ಉತ್ತರವನ್ನು ಹೇಳುವ ಹಾಗಿರಲಿಲ್ಲ. ಬ್ರೋಡಿ ಫೋನು ಇಟ್ಟು ಹಣೆಯನ್ನು ಗೋಡೆಗೆ ಮೆಲ್ಲಗೆ ಮೂರು ಸಲ ಬಡಿದುಕೊಂಡ.

"ಗೋಡೆ ಹಳೇದು ಕಣಯ್ಯಾ, ಜೋಪಾನ" ಎಂದ ಕ್ಲೆಗ್.

ಮಧ್ಯಾಹ್ನದ ಹೊತ್ತಿಗೆ ಅಂಗಡಿಯ ಮುಂದೆ ಹಳದಿ-ಕಪ್ಪು ಮಫ್ಲರಿನ ಜನ ಸೇರಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವವರು ಮಾಸ್‌ಬೆಕ್‌ನಲ್ಲಿದ್ದರೆ, ಕರುವಿಗೆ ಹೆಸರಿಡುವವರು ಡನ್‌ಶಾದಲ್ಲಿದ್ದರು. ಒಬ್ಬಳು ಚಿಪ್ಸು ಮತ್ತು ಗ್ರೇವಿ ತಂದುಕೊಟ್ಟಳು. ಒಬ್ಬ ತನ್ನ ಕೂಸನ್ನು ಬ್ರೋಡಿಯ ಕೈಗೆ ಕೊಟ್ಟು ಪಟ ತೆಗೆಸಿಕೊಂಡ. ಬೇಡ ಬೇಡ ಎಂದಷ್ಟೂ "ಎಷ್ಟು ನಾಚಿಕೆ ನೋಡು!" ಎಂದು ಜನಕ್ಕೆ ಪ್ರೀತಿ ಹೆಚ್ಚಿತು.

ನಾಲ್ಕು ಗಂಟೆಗೆ ಸರಿಯಾಗಿ ಕ್ಲೆಗ್ ಬೂಟನ್ನು ಮುಂದಿಟ್ಟ. ಹೊಲಿಗೆ ಕಣ್ಣಿಗೊತ್ತಿಕೊಳ್ಳುವ ಹಾಗಿತ್ತು. ಬ್ರೋಡಿ ಕಾಲಿಗೆ ಹಾಕಿ ನೋಡಿದ. ಕಾಲು ಒಳಗೆ ಅತ್ತಿಂದಿತ್ತ ಓಡಾಡಿತು.

"ಇದ್ಯಾಕೆ ತಾತ ಹಿಂಗೆ?"

"ಎರಡನ್ನೂ ಅಚ್ಚಿಗೆ ಹಾಕಿ ಅಗಲ ಮಾಡಿದ್ದೀನಿ. ನೀನು ಕೇಳಲಿಲ್ಲ, ನಾನೇ ಮಾಡಿದೆ. ನಮ್ಮೂರಿಗೆ ಆಡೋನು ಅಂದ್ಮೇಲೆ ಕಾಲು ಧಾರಾಳವಾಗಿರಬೇಕು. ಮಾಸ್‌ಬೆಕ್‌ನೋರದು ಬೂಟೂ ಕಿರಿದು, ಬುದ್ಧೀನೂ ಕಿರಿದು."

"ನಾನು ನಿಮ್ಮೂರಿಗೆ ಆಡ್ತಿಲ್ಲ ಅಂತ ಎಷ್ಟು ಸಲ ಹೇಳಲಿ?"

"ಅದನ್ನ ಅವಳ ಹತ್ರ ಹೇಳು" ಎಂದು ಕ್ಲೆಗ್ ಬಾಗಿಲ ಕಡೆ ಗದ್ದ ತೋರಿಸಿದ.

ಬಾಗಿಲಲ್ಲಿ ಡನ್‌ಶಾ ಕ್ಲಬ್ಬಿನ ಕಾರ್ಯದರ್ಶಿ ಗ್ವೆನ್ ನಿಂತಿದ್ದಳು. ಅರವತ್ತರ ಹೆಂಗಸು, ಕಂಕುಳಲ್ಲಿ ಒಂದು ಕಡತ, ಮುಖದಲ್ಲಿ ಮೂರು ದಿನದ ನಿದ್ದೆಗೇಡು.

"ನೋಡಪ್ಪಾ ಮಗು, ಬೆಳಗ್ಗೆ ನಿನ್ನ ಹೆಸರು ಕೇಳಿದಾಗ ನಂಗೂ ನೀನ್ಯಾರು ಅಂತ ಗೊತ್ತಿರಲಿಲ್ಲ. ನಮ್ಮ ಜನ ಬೆಳಗಿನಿಂದ ಆಫೀಸಿಗೆ ಫೋನ್ ಮಾಡಿ ಅಭಿನಂದನೆ ಹೇಳ್ತಾನೇ ಇದ್ದಾರೆ. ನಮ್ಮ ಮಿಡ್‌ಫೀಲ್ಡರ್ ಭಾನುವಾರ ಕಾಲು ಮುರ್ಕೊಂಡಿದ್ದಾನೆ, ಬೇರೆ ಯಾರೂ ಸಿಕ್ಕಿಲ್ಲ. ಅದಕ್ಕೆ ನಮ್ಮ ಮ್ಯಾನೇಜರು ನಿನ್ನ ಆಟದ ವಿಡಿಯೋ ತರಿಸಿ ನೋಡಿದ್ರು. ಹನ್ನೊಂದು ನಿಮಿಷದ್ದು. ಬೆನ್ನಿಗೆ ಬಡಿದ ಚೆಂಡನ್ನ ನೀನು ತಗೊಂಡ ರೀತಿ ಹಿಡಿಸ್ತಂತೆ."

"ಮೇಡಂ, ನಮ್ಮ ಕ್ಲಬ್ಬಿನೋರು ಬಿಡಲ್ಲ."

"ನಿಮ್ಮ ಅಧ್ಯಕ್ಷರಿಗೆ ಫೋನ್ ಮಾಡಿದೆ. ನಿನ್ನ ಹೆಸರು ಪೂರ್ತಿ ಹೇಳೋ ಮೊದಲೇ ಆಯ್ತು ಅಂದ್ರು." ಗ್ವೆನ್ ಕಡತ ಬಿಚ್ಚಿ ಪೆನ್ನು ಮುಂದೆ ಹಿಡಿದಳು. "ನೀನು ಒಪ್ಪಿದ್ರೆ ಶನಿವಾರದಿಂದಲೇ ಆಡ್ತೀಯ, ಸೀಸನ್ ಮುಗಿಯೋವರೆಗೂ. ಸಂಜೆ ಏಳರ ತನಕ ಸಮಯ ಇದೆ. ಆಮೇಲೆ ಬೇಸಿಗೆವರೆಗೂ ಬಾಗಿಲು ಬಂದ್."

ಸೀಸನ್ ಮುಗಿಯುವವರೆಗೂ! ಬ್ರೋಡಿ ಒಂದು ಹೆಜ್ಜೆ ಮುಂದೆ ಬಂದ. ಪೆನ್ನು ನೋಡಿದ, ಬೂಟು ನೋಡಿದ. ಕಸದ ಡಬ್ಬಿಗಳ ಹಿಂದಿನ ಪಿಸುಮಾತು ಕಿವಿಯಲ್ಲಿ ಕೇಳಿತು. ನಾಳೆ ನೀನೇ. ನಿನ್ನ ಕಾಲಿಗೆ ಕಣ್ಣಿದೆ. ಮೂರು ವರ್ಷದಲ್ಲಿ ಅವನಿಗೆ ಯಾರೂ ಹೇಳದಿದ್ದ ಮಾತು ಅದು. ಹಾಗೆ ಹೇಳಿದವನನ್ನು ಪಂದ್ಯಕ್ಕೆ ಮೂರು ತಾಸಿರುವಾಗ ಕೈಬಿಟ್ಟು ಹೋಗುವುದೇ?

"ಆಗಲ್ಲ, ಮೇಡಂ."

"ಕಾರಣ?"

"ಹೇಳೋಕಾಗಲ್ಲ."

ಹೊರಗಿದ್ದ ಜನ ಇದನ್ನು ಕೇಳಿಸಿಕೊಂಡರು. ಅಲ್ಲಿಯವರೆಗೆ ಅವನ ಕೈಯಲ್ಲಿ ಕೂಸಿಟ್ಟವನು ಕೂಸಿನ ಕಣ್ಣು ಮುಚ್ಚಿದ. ಚಿಪ್ಸಿನವಳು ಖಾಲಿ ಪೊಟ್ಟಣವನ್ನು ವಾಪಸು ಕೇಳಿದಳು. ಕ್ಲೆಗ್ ಬಂದು ಅವನ ಕತ್ತಿನಿಂದ ಮಫ್ಲರು ಬಿಚ್ಚಿಕೊಂಡು, ಕೊಡವಿ, ಗೂಟಕ್ಕೆ ಹಾಕಿದ.

ನಾಲ್ಕು ಮುಕ್ಕಾಲರ ಬಸ್ಸಿನಲ್ಲಿ ಸುತ್ತಲ ಹಳ್ಳಿಗಳಿಂದ ಮಾಸ್‌ಬೆಕ್‌ಗೆ ಪಂದ್ಯ ನೋಡಲು ಹೊರಟ ನೀಲಿ ಮಫ್ಲರಿನ ಜನ ತುಂಬಿದ್ದರು. ಬ್ರೋಡಿ ಹತ್ತಿದ್ದೇ ಎಲ್ಲರೂ ಕಿಟಕಿಯ ಕಡೆ ಮುಖ ತಿರುಗಿಸಿದರು. ಖಾಲಿಯಿದ್ದ ಒಂದೇ ಸೀಟಿನ ಮೇಲೆ ಒಬ್ಬಾಕೆ ತನ್ನ ಕೈಚೀಲವಿಟ್ಟಳು.

"ಇದು ಮಾಸ್‌ಬೆಕ್ ಬಸ್ಸು" ಎಂದ ಚಾಲಕ ಕನ್ನಡಿಯಲ್ಲಿ ನೋಡುತ್ತಾ. "ಡನ್‌ಶಾದೋರು ಸೇತುವೆ ಹತ್ರ ಇಳೀಬೇಕು."

"ಅಣ್ಣಾ, ನಾನು ಮಾಸ್‌ಬೆಕ್‌ನೋನೇ."

"ಪಟ ನೋಡಿದ್ದೀನಪ್ಪಾ."

ಪಟ ತೆಗೆದವನು ಕೊನೆಯ ಸೀಟಿನಲ್ಲಿ ಕಾಳಿನ ಮೂಟೆಯನ್ನು ತಬ್ಬಿಕೊಂಡು ಕಿಟಕಿಯಾಚೆ ನೋಡುತ್ತಿದ್ದ. ಸೇತುವೆ ಬಂದಾಗ ಬಸ್ಸು ನಿಂತಿತು, ಬಾಗಿಲು ತೆರೆಯಿತು. ಬ್ರೋಡಿ ಇಳಿದು, ಹಿಮದ ಮಳೆಯಲ್ಲಿ ಎರಡೂವರೆ ಮೈಲಿ ನಡೆದ. ಪಂದ್ಯಕ್ಕೆ ಮೊದಲು ಕಾಲಿಗೆ ವಿಶ್ರಾಂತಿ ಕೊಡಬೇಕು ಎಂದು ತರಬೇತುದಾರ ಬರೆದುಕೊಟ್ಟಿದ್ದ ಚೀಟಿ ಅವನ ಜೇಬಿನಲ್ಲಿ ನೆನೆದು ಮುದ್ದೆಯಾಯಿತು.

ಊರೊಳಗೆ ಬರುವಷ್ಟರಲ್ಲಿ ಮಾತ್ರ ಗಾಳಿ ತಿರುಗಿತ್ತು. 'ಬ್ರೋಡಿ ಒಲ್ಲೆ ಅಂದ' ಎಂಬ ಸುದ್ದಿ ಡನ್‌ಶಾದಿಂದ ಅವನಿಗಿಂತ ಮೊದಲೇ ಬಂದು ತಲುಪಿತ್ತು. ಮೈದಾನದ ಬಾಗಿಲಲ್ಲಿ ನೂರಾರು ಜನ. ಎಲ್ಲರಿಗಿಂತ ಮುಂದೆ ಓಗ್ಡೆನ್.

"ನಾನು ಬೆಳಗ್ಗೆಯೇ ಹೇಳಿರಲಿಲ್ವಾ?" ಎಂದು ಅವನು ಕೂಗುತ್ತಿದ್ದ. "ಚಿನ್ನದಂಥ ಹುಡುಗ! ಡನ್‌ಶಾದೋರು ಕಾಲಿಗೆ ಬಿದ್ರೂ ತಿರುಗಿ ನೋಡಲಿಲ್ಲ. ನಮ್ಮ ಪಕ್ಕದ ಮನೆಯೋನು!"

ಜನ ಅವನನ್ನು ಹೆಗಲ ಮೇಲೆ ಹೊತ್ತು, ಎರಡು ಸಲ ಬೀಳಿಸಿ, ಆರೂ ಇಪ್ಪತ್ತಕ್ಕೆ ಡ್ರೆಸ್ಸಿಂಗ್ ರೂಮಿನ ಬಾಗಿಲಿಗೆ ಮುಟ್ಟಿಸಿದರು.

ಒಳಗೆ ನಟ್ಟಲ್ ಹೊಸ ಕ್ಷೌರದಲ್ಲಿ ಮಿಂಚುತ್ತಾ ಕೂತಿದ್ದ. ಪಕ್ಕದಲ್ಲಿ ಎಮೆಕಾ ಕತ್ತಿನ ಶಿಲುಬೆಯನ್ನು ಮುಟ್ಟಿಕೊಳ್ಳುತ್ತಿದ್ದ. ಬ್ರೋಡಿ ಅವರ ಪಕ್ಕ ಕೂತು ಬೂಟನ್ನು ಹೊರತೆಗೆದ. ನಟ್ಟಲ್ ಅವನತ್ತ ಬಾಗಿದ.

"ಬ್ರೋಡಿ, ನೀನು ಇವತ್ತು ದೊಡ್ಡ ಮನಸ್ಸು ಮಾಡಿದ್ದೀಯ. ಅದಕ್ಕೆ ನಿಂಗೊಬ್ಬನಿಗೇ ಹೇಳ್ತೀನಿ, ಯಾರಿಗೂ ಹೇಳಬೇಡ. ಇವತ್ತು ಆಡೋದು ನಾನೇ. ಬಾಸ್ ನಿನ್ನೆ ಕಸದ ಡಬ್ಬಿ ಹಿಂದೆ ಕರೆದು ಹೇಳಿದ್ರು. ನನ್ನ ಕಾಲಿಗೆ ಕಣ್ಣಿದೆಯಂತೆ."

ಎಮೆಕಾನ ಕೈ ಶಿಲುಬೆಯ ಮೇಲೆ ನಿಂತಿತು. "ಯಾರ ಕಾಲಿಗೆ?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದೇ ಸಂಜೆ ಆರು ಕಾಲಿಗೆ ಕಣ್ಣು ಬರಿಸಿದ್ದ ಪುಣ್ಯಾತ್ಮ ಬ್ರ್ಯಾಡ್‌ವೆಲ್ ಅಷ್ಟರಲ್ಲಿ ಒಳಗೆ ಬಂದ. ಬೆನ್ನಹಿಂದೆ ಕುಂಟುತ್ತಾ ಪಿಲ್ಲಿಂಗ್.

"ಹೌದು, ಹೇಳಿದೆ. ಮೂರು ಜನಕ್ಕೂ ಹೇಳಿದೆ" ಎಂದ ಬ್ರ್ಯಾಡ್‌ವೆಲ್, ಸ್ವಲ್ಪವೂ ನಾಚದೆ. "ಹದಿನೈದು ವರ್ಷದಿಂದ ಹೀಗೇ ಹೇಳ್ತಿದ್ದೀನಿ. ಹಾಗಂದ್ರೆ ಹುಡುಗ್ರು ಕುಡಿಯಲ್ಲ, ಬೇಗ ಮಲಗ್ತಾರೆ. ನಿಮಗೇನು ನಷ್ಟ? ಒಳ್ಳೆ ನಿದ್ದೆ ಆಯ್ತಲ್ಲ. ಪಿಲ್ಲಿಂಗ್ ಕಾಲು ಪರವಾಗಿಲ್ಲವಂತೆ, ಅವನೇ ಆಡ್ತಾನೆ."

ಆದರೆ ಪಿಲ್ಲಿಂಗನ ಕಾಲಿಗೆ ಸುತ್ತಿದ್ದ ಬ್ಯಾಂಡೇಜು ಅವನ ಬೂಟಿನೊಳಗೆ ಹೋಗಲಿಲ್ಲ. ಫಿಸಿಯೋ ತಳ್ಳಿದ. ಗೋಲ್‌ಕೀಪರು ಎಳೆದ. ಸೋಪು ಹಚ್ಚಿದರು, ಎಣ್ಣೆ ಹಚ್ಚಿದರು, ಬೇರೆಯವರ ಬೂಟನ್ನೂ ತೊಡಿಸಿ ನೋಡಿದರು. ಪಿಲ್ಲಿಂಗ್ ಹಲ್ಲು ಕಚ್ಚಿಕೊಂಡು ತನ್ನ ಬೂಟನ್ನೂ ಅದನ್ನು ಮಾಡಿದ ಕಂಪನಿಯನ್ನೂ ಬೈದ. ಬ್ಯಾಂಡೇಜು ಬಿಚ್ಚಿದರೆ ಕಾಲು ನಿಲ್ಲದು, ಬಿಚ್ಚದಿದ್ದರೆ ಬೂಟು ಹಿಡಿಸದು. ಆಟಗಾರರ ಪಟ್ಟಿಯನ್ನು ಆರೂ ಮುಕ್ಕಾಲಿಗೆ ರೆಫರಿಯ ಕೈಗೆ ಕೊಡಬೇಕಿತ್ತು. ಬ್ರ್ಯಾಡ್‌ವೆಲ್ ಗಡಿಯಾರ ನೋಡಿದ, ಕಿಟಕಿಯಾಚೆ ಕೇಳುತ್ತಿದ್ದ ಕೂಗನ್ನು ಆಲಿಸಿದ. ಹೊರಗೆ ಊರಿಗೆ ಊರೇ "ಬ್ರೋ-ಡೀ! ಬ್ರೋ-ಡೀ!" ಎನ್ನುತ್ತಿತ್ತು.

"ಹಾಳಾಗೋಗಲಿ" ಎಂದು ಅವನು ಪೆನ್ಸಿಲು ತೆಗೆದ. "ಥ್ರೆಲ್‌ಫಾಲ್, ಡನ್‌ಶಾನ ಬೇಡ ಅಂದು ಬಂದಿದ್ದೀಯ. ನೀನೇ ಹೋಗು."

 ನಟ್ಟಲ್ ಬ್ರೋಡಿಯ ಬೆನ್ನು ತಟ್ಟಿದ. ಪೆನ್ಸಿಲು ಪಟ್ಟಿಯ ಖಾಲಿ ಸಾಲಿನಲ್ಲಿ ಅವನ ಹೆಸರಿನ ಮೊದಲ ಅಕ್ಷರಗಳನ್ನು ಬರೆಯುತ್ತಿರುವುದು ಅವನಿಗೆ ಕಣ್ಣಾರೆ ಕಾಣಿಸಿತು. ಬೂಟು ಹಾಕಿಕೊಂಡು, ಲೇಸು ಬಿಗಿದು, ಎದ್ದು ನಿಂತು ಎರಡು ಹೆಜ್ಜೆ ಹಾಕಿದ. ಬೆಳಗಿನಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದ ಹುಡುಗ. ಇನ್ನು ಮುಚ್ಚಿಡುವ ಗುಟ್ಟು ಏನೂ ಉಳಿದಿರಲಿಲ್ಲ. ಸಂತೋಷಕ್ಕೆ ನಾಲಿಗೆ ಸಡಿಲಾಯಿತು.

"ಆ ಕ್ಲೆಗ್ ಮುದುಕ ಏನು ಮಾಡಿಟ್ಟಿದ್ದಾನೆ ನೋಡ್ರೋ!" ಎಂದು ನಗುತ್ತಾ ಕಾಲೆತ್ತಿ ತೋರಿಸಿದ. "ಹೊಲಿ ಅಂದ್ರೆ ಅಚ್ಚಿಗೆ ಹಾಕಿ ಅಗಲ ಮಾಡಿ ಕೊಟ್ಟಿದ್ದಾನೆ. ಎರಡು ಜೊತೆ ಕಾಲುಚೀಲ ಹಾಕಿದ್ರೂ ಸಡಿಲ. ಆನೆ ಕಾಲೂ ಹಿಡಿಸುತ್ತೆ ಇದರಲ್ಲಿ!"

ಕೋಣೆಯಲ್ಲಿದ್ದ ಎಲ್ಲರ ಕಣ್ಣೂ ಆ ಬೂಟಿನ ಮೇಲೆ ಬಿದ್ದವು.

ಮೂಲೆಯಲ್ಲಿ ಪಿಲ್ಲಿಂಗ್ ನಿಧಾನವಾಗಿ ತಲೆಯೆತ್ತಿದ. "ಯಾವ ನಂಬರು ಮಗಾ ಅದು?"

ಎರಡು ವರ್ಷ ಅವನ ಬೂಟು ತೊಳೆದ ಹುಡುಗ, ಹಿರಿಯರು ಕೇಳಿದರೆ ತಟ್ಟನೆ ಉತ್ತರ ಕೊಟ್ಟು ರೂಢಿ. "ಒಂಬತ್ತು" ಎಂದುಬಿಟ್ಟ.

ಬೂಟು ಕೈಯಿಂದ ಕೈಗೆ ಹೋಗಿ ಮೂಲೆ ಸೇರಿತು. ಪಿಲ್ಲಿಂಗನ ಬ್ಯಾಂಡೇಜಿನ ಕಾಲು, ಹಾವು ಹುತ್ತಕ್ಕೆ ಇಳಿದ ಹಾಗೆ ಅದರೊಳಗೆ ಇಳಿಯಿತು. ಅವನು ಎದ್ದು ನಿಂತು ಹಾರಿ ನೋಡಿದ, ಕುಕ್ಕರಿಸಿ ನೋಡಿದ. "ಅಬ್ಬಾ! ಯಾರಯ್ಯಾ ಹೊಲಿದಿದ್ದು? ಹೂವಿನ ಮೇಲೆ ನಿಂತ ಹಾಗಿದೆ."

ಬ್ರ್ಯಾಡ್‌ವೆಲ್ ಪಟ್ಟಿಯ ಮೇಲಿನ 'ಥ್ರೆಲ್' ಅನ್ನು ಹೆಬ್ಬೆರಳಿಗೆ ಎಂಜಲು ಹಚ್ಚಿಕೊಂಡು ಒರೆಸಿದ. ಅದರ ಮೇಲೆ 'ಪಿಲ್ಲಿಂಗ್' ಎಂದು ಬರೆದು, ರೆಫರಿಯ ಕೋಣೆಗೆ ಓಡಿದ. ಸ್ವಲ್ಪ ಹೊತ್ತಿಗೆ ಗೋಡೆಯ ಗಡಿಯಾರ ಏಳು ತೋರಿಸಿತು. ದೇಶದ ಎಲ್ಲ ಕ್ಲಬ್ಬುಗಳ ಬಾಗಿಲೂ ಬೇಸಿಗೆಯವರೆಗೆ ಮುಚ್ಚಿತು.

ಬೆಂಚಿಗೆ ಕೂರಲು ಹೊರಟ ಬ್ರೋಡಿಗೆ ಕಾಲಿಗೆ ಹಾಕಿಕೊಳ್ಳಲು ಸಿಕ್ಕಿದ್ದು ಸ್ನಾನದ ಮನೆಯ ಬಾಗಿಲಲ್ಲಿದ್ದ ರಬ್ಬರ್ ಚಪ್ಪಲಿ. ಮೇವಿಸ್ ಆಂಟಿ ಹೇಳಿದ್ದು ಸರಿಯಾಗಿತ್ತು, ಕೂರೋಕೆ ಅದು ಸಾಕು.

ಮೈದಾನಕ್ಕೆ ಹೋಗುವ ಇಕ್ಕಟ್ಟಾದ ಓಣಿಯಲ್ಲಿ ತಂಡ ಸಾಲಾಗಿ ನಿಂತಿತು. ಹೊರಗೆ ಜನ ಇನ್ನೂ "ಬ್ರೋ-ಡೀ" ಎನ್ನುತ್ತಿದ್ದರು. ಮೈದಾನದ ತುಂಬ ಹಿಮ ಕರಗಿ, ಮೊಣಕಾಲು ಮುಳುಗುವಂಥ ಕೆಸರು. ಹೊಲಿಗೆ ಹಾಕಿದ ಬೂಟು ಪಿಲ್ಲಿಂಗನ ಕಾಲಲ್ಲಿ ಟಕಟಕ ಎನ್ನುತ್ತಾ ಬ್ರೋಡಿಯ ಮುಂದಿನಿಂದ ಹಾದುಹೋಯಿತು.

"ಪಿಲ್ಲಿಂಗ್ ಸಾರ್," ಎಂದ ಬ್ರೋಡಿ, "ಆಟ ಮುಗಿದ ಮೇಲೆ ಬೂಟು ತೊಳೆದು ಕೊಡ್ತೀರಾ?"